ಹಿಡಿತ ಬದಲಿಸಿ ಗಾಲ್ಫ್ ಲೋಕ ಗೆದ್ದ ಬಾಬಿ ಜೋನ್ಸ್

ನ್ಯೂಯಾರ್ಕ್ ನಗರಕ್ಕೆ ಸಮೀಪದ ವಿಂಗ್ಡ್ ಫುಟ್ ಗಾಲ್ಫ್ ಮೈದಾನದಲ್ಲಿ 1929ರ ಜೂನ್ 29ರ ಸಂಜೆ ಸಾವಿರಾರು ಪ್ರೇಕ್ಷಕರು ಉಸಿರು ಬಿಗಿಹಿಡಿದು ನಿಂತಿದ್ದರು. ಅಮೆರಿಕ ಓಪನ್ ಚಾಂಪಿಯನ್‌ಷಿಪ್‌ನ ಕಟ್ಟಕಡೆಯ ಕುಳಿ ಅದು. ಅಟ್ಲಾಂಟಾದ 27 ವರ್ಷದ ವಕೀಲ ಬಾಬಿ ಜೋನ್ಸ್ ಮುಂದೆ ಸುಮಾರು 12 ಅಡಿ ದೂರದ ಒಂದೇ ಒಂದು ಪಟ್ ಉಳಿದಿತ್ತು. ನೆಲ ಇಳಿಜಾರು. ಚೆಂಡನ್ನು ನೇರವಾಗಿ ಕುಳಿಯತ್ತ ಹೊಡೆಯುವಂತಿರಲಿಲ್ಲ. ಒಂದಡಿಗೂ ಹೆಚ್ಚು ಪಕ್ಕಕ್ಕೆ ಗುರಿಯಿಟ್ಟು, ಇಳಿಜಾರೇ ಅದನ್ನು ತಂದು ಹಾಕಬೇಕಿತ್ತು. ಮೂರು ಸುತ್ತುಗಳ ನಂತರ ಮೂರು ಹೊಡೆತಗಳಷ್ಟು ಮುಂದಿದ್ದ ಜೋನ್ಸ್, ಕೊನೆಯ ಸುತ್ತಿನಲ್ಲಿ ಎರಡು ಕುಳಿಗಳಿಗೆ ತಲಾ ಏಳು ಹೊಡೆತ ಖರ್ಚು ಮಾಡಿ ಕೈಗೆ ಬಂದದ್ದನ್ನು ಚೆಲ್ಲಿಕೊಂಡಿದ್ದರು. ಈ ಪಟ್ ತಪ್ಪಿದರೆ ಪ್ರಶಸ್ತಿ ಅಲ್ ಎಸ್ಪಿನೋಸಾ ಅವರದು.

ಜೋನ್ಸ್ ಹೆಚ್ಚು ಹೊತ್ತು ಲೆಕ್ಕ ಹಾಕಲಿಲ್ಲ. ಹಿಮ್ಮಡಿಗಳನ್ನು ಹತ್ತಿರ ತಂದು ನಿಂತರು, ಹಳೆಯ ಪಟರನ್ನು ಮೆತ್ತಗೆ ಹಿಂದಕ್ಕೆ ಎಳೆದು ಹೊಡೆದರು. ಇಳಿಜಾರಿನಲ್ಲಿ ಬಾಗುತ್ತಾ ಸಾಗಿದ ಚೆಂಡು ಕುಳಿಯ ಅಂಚಿಗೆ ಬಂದು ನಿಂತೇಬಿಟ್ಟಿತೇನೋ ಎಂಬಂತೆ ತಡೆದು, ಒಳಕ್ಕೆ ಬಿತ್ತು. ಸ್ಕೋರು ಸಮವಾಯಿತು. ಮರುದಿನ 36 ಕುಳಿಗಳ ಪ್ಲೇಆಫ್‌ನಲ್ಲಿ ಜೋನ್ಸ್ 23 ಹೊಡೆತಗಳ ಅಂತರದಿಂದ ಗೆದ್ದರು. ಆ ಒಂದು ಪಟ್ ತಪ್ಪಿದ್ದರೆ ಅವರ ಆತ್ಮವಿಶ್ವಾಸವೇ ಕುಸಿದು, ಮರುವರ್ಷದ ಐತಿಹಾಸಿಕ ಸಾಧನೆ ನಡೆಯುತ್ತಲೇ ಇರಲಿಲ್ಲ ಎಂದು ಅವರನ್ನು ಹತ್ತಿರದಿಂದ ಕಂಡ ಪತ್ರಕರ್ತರು ನಂಬಿದ್ದರು.

ಸೋಜಿಗದ ಸಂಗತಿಯೆಂದರೆ, ಕೇವಲ ಐದು ವರ್ಷಗಳ ಹಿಂದೆ ಇದೇ ಜೋನ್ಸ್ ಪಟಿಂಗ್‌ನಲ್ಲಿ ನೆಚ್ಚಿಕೊಳ್ಳುವಂತಹ ಆಟಗಾರ ಆಗಿರಲಿಲ್ಲ. ಅವರನ್ನು ಬದಲಿಸಿದ್ದು ಹೊಸ ಉಪಕರಣವಾಗಲಿ ವರ್ಷಗಳ ಕಠಿಣ ತಾಲೀಮಾಗಲಿ ಅಲ್ಲ. ಕಾಲುಗಳ ನಡುವಣ ಅಂತರ ಮತ್ತು ಒಂದು ಬೆರಳಿನ ಸ್ಥಾನ, ಬದಲಾದದ್ದು ಬಹುಮಟ್ಟಿಗೆ ಇಷ್ಟೇ.

ಗಾಲ್ಫ್ ನೋಡಿ ಅಭ್ಯಾಸವಿಲ್ಲದ ಓದುಗರಿಗೆ ಒಂದು ಮಾತು. ಗಾಲ್ಫ್ ಮೈದಾನದಲ್ಲಿ 18 ಕುಳಿಗಳಿರುತ್ತವೆ. ಪ್ರತಿ ಕುಳಿಯ ವ್ಯಾಸ ನಾಲ್ಕೂಕಾಲು ಇಂಚು, ಅಂದರೆ 108 ಮಿಲಿಮೀಟರ್. ದೂರದಿಂದ ಚೆಂಡನ್ನು ಹಾರಿಸಿ ಕುಳಿಯ ಸುತ್ತಲಿನ ನುಣುಪಾದ ಹುಲ್ಲುಹಾಸಿಗೆ, ಅಂದರೆ ಗ್ರೀನ್‌ಗೆ ತಲುಪಿಸಿದ ಮೇಲೆ ಅದನ್ನು ನೆಲದ ಮೇಲೆ ಉರುಳಿಸಿ ಕುಳಿಗೆ ಹಾಕುವ ಕ್ರಿಯೆಯೇ ಪಟಿಂಗ್. ಒಂದು ಸುತ್ತಿನ ನಿಗದಿತ 72 ಹೊಡೆತಗಳಲ್ಲಿ ಪ್ರತಿ ಕುಳಿಗೆ ಎರಡರಂತೆ 36 ಹೊಡೆತಗಳು ಪಟಿಂಗ್‌ಗೇ ಮೀಸಲು. 250 ಗಜ ಹಾರಿದ ಚೆಂಡಿಗೂ ಎರಡಡಿ ಉರುಳಿದ ಚೆಂಡಿಗೂ ಲೆಕ್ಕದ ಹಾಳೆಯಲ್ಲಿ ಒಂದೇ ಬೆಲೆ. ಬಲವಾಗಲಿ ಎತ್ತರವಾಗಲಿ ಇಲ್ಲಿ ನೆರವಿಗೆ ಬಾರದು. ದೊಡ್ಡ ದೊಡ್ಡ ಆಟಗಾರರ ಧೈರ್ಯ ಕರಗಿದ್ದೂ ಇಲ್ಲಿಯೇ.

ಮುನಿಸಿನ ಬಾಲಕ

ರಾಬರ್ಟ್ ಟೈರ್ ಜೋನ್ಸ್ ಜೂನಿಯರ್ ಹುಟ್ಟಿದ್ದು 1902ರ ಮಾರ್ಚ್ 17ರಂದು, ಅಮೆರಿಕದ ಜಾರ್ಜಿಯಾ ರಾಜ್ಯದ ಅಟ್ಲಾಂಟಾದಲ್ಲಿ. ತಂದೆ ವಕೀಲರು. ಮಗು ರೋಗಿಷ್ಠ, ಐದು ವರ್ಷದವರೆಗೆ ಗಟ್ಟಿ ಆಹಾರ ಜೀರ್ಣವಾಗುತ್ತಿರಲಿಲ್ಲ. ಮಗನ ಆರೋಗ್ಯ ಸುಧಾರಿಸಲೆಂದು ಕುಟುಂಬ ಬೇಸಿಗೆಯಲ್ಲಿ ನಗರದಾಚೆಯ ಈಸ್ಟ್ ಲೇಕ್‌ನಲ್ಲಿ ತಂಗತೊಡಗಿತು. ಅಲ್ಲೊಂದು ಗಾಲ್ಫ್ ಮೈದಾನವಿತ್ತು. ಸ್ಕಾಟ್ಲೆಂಡ್‌ನ ಕಾರ್ನುಸ್ಟಿಯಿಂದ ಬಂದ ಸ್ಟೀವರ್ಟ್ ಮೇಡನ್ ಅಲ್ಲಿನ ಶಿಕ್ಷಕ. ಹುಡುಗನಿಗೆ ಯಾರೂ ಕೂರಿಸಿ ಪಾಠ ಹೇಳಲಿಲ್ಲ. ಮಾತು ಕಡಿಮೆಯ ಮೇಡನ್ ಹಿಂದೆ ಹಿಂದೆಯೇ ಸುತ್ತುತ್ತಾ ಅವರ ಹೊಡೆತವನ್ನು ಹಾಗೆಯೇ ಅನುಕರಿಸಿ ಕಲಿತ. ಒಂಬತ್ತನೇ ವಯಸ್ಸಿಗೆ ಕ್ಲಬ್‌ನ ಕಿರಿಯರ ಪ್ರಶಸ್ತಿ ಅವನದಾಯಿತು.

1916ರಲ್ಲಿ, ಹದಿನಾಲ್ಕನೇ ವಯಸ್ಸಿನಲ್ಲಿ, ಫಿಲಡೆಲ್ಫಿಯಾ ಬಳಿಯ ಮೆರಿಯನ್‌ನಲ್ಲಿ ನಡೆದ ಅಮೆರಿಕ ಅಮೆಚೂರ್ ಚಾಂಪಿಯನ್‌ಷಿಪ್‌ನಲ್ಲಿ ಆಡಿ ಕ್ವಾರ್ಟರ್ ಫೈನಲ್ ತಲುಪಿದಾಗ ದೇಶದ ಪತ್ರಿಕೆಗಳು ಈ ಹುಡುಗನತ್ತ ತಿರುಗಿ ನೋಡಿದವು. ಆದರೆ ಅಲ್ಲಿಂದ ಮುಂದಿನ ಏಳು ವರ್ಷ ಕೇವಲ ಬರ. ಪ್ರತಿಭೆಯ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ದೊಡ್ಡ ಪ್ರಶಸ್ತಿ ಮಾತ್ರ ಒಂದೂ ದಕ್ಕಲಿಲ್ಲ.

ಕಾರಣಗಳಲ್ಲಿ ಮೊದಲನೆಯದು ಸಿಟ್ಟು. ಹೊಡೆತ ಕೆಟ್ಟರೆ ಕ್ಲಬ್ ಎಸೆಯುವುದು ಅವರಿಗೆ ರೂಢಿಯಾಗಿತ್ತು. 1921ರಲ್ಲಿ ಗಾಲ್ಫ್‌ನ ತವರು ಎನಿಸಿದ ಸ್ಕಾಟ್ಲೆಂಡ್‌ನ ಸೇಂಟ್ ಆಂಡ್ರೂಸ್‌ನಲ್ಲಿ ಬ್ರಿಟಿಷ್ ಓಪನ್ ಆಡುವಾಗ ಮೂರನೇ ಸುತ್ತಿನ 11ನೇ ಕುಳಿಯಲ್ಲಿ ಮರಳುಗುಂಡಿಗೆ ಸಿಲುಕಿ ರೇಗಿ, ಚೆಂಡನ್ನು ಎತ್ತಿಕೊಂಡು ಸ್ಪರ್ಧೆಯನ್ನೇ ಬಿಟ್ಟುಕೊಟ್ಟರು. ಅದೇ ವರ್ಷ ಸೇಂಟ್ ಲೂಯಿಯಲ್ಲಿ ಅವರು ಎಸೆದ ಕ್ಲಬ್ ನೆಲಕ್ಕೆ ಬಡಿದು ಚಿಮ್ಮಿ ಮಹಿಳೆಯೊಬ್ಬರ ಕಾಲಿಗೆ ತಾಗಿತು. ನಡತೆ ತಿದ್ದಿಕೊಳ್ಳದಿದ್ದರೆ ಇನ್ನು ಮುಂದೆ ಆಡಲು ಬಿಡುವುದಿಲ್ಲವೆಂದು ಅಮೆರಿಕ ಗಾಲ್ಫ್ ಸಂಸ್ಥೆಯ ಅಧ್ಯಕ್ಷರು ಪತ್ರ ಬರೆದರು. ಆ ಪತ್ರ ನಾಟಿತು. ಮೈದಾನದಲ್ಲಿ ಅಂತಹ ದೃಶ್ಯ ಮತ್ತೆ ಕಾಣಲಿಲ್ಲ.

ಎರಡನೆಯ ಕಾರಣ ಪಟಿಂಗ್. ಚೆಂಡನ್ನು ಗ್ರೀನ್‌ವರೆಗೆ ತರುವಲ್ಲಿ ಅವರಿಗೆ ಸಾಟಿಯಿರಲಿಲ್ಲ. ಗ್ರೀನ್ ಮೇಲೆ ಮಾತ್ರ ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುತ್ತಿರಲಿಲ್ಲ. ಕಾಲುಗಳನ್ನು ಅಗಲಿಸಿ ನಿಂತು, ಮೊಟಕಾಗಿ ಕುಟ್ಟುವಂತಹ ಹೊಡೆತ. ಬಂದರೆ ಬಂತು, ಹೋದರೆ ಹೋಯಿತು.

ಇದರ ನಡುವೆ ಓದು ಬೇರೆ. ಜಾರ್ಜಿಯಾ ಟೆಕ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್, ಹಾರ್ವರ್ಡ್‌ನಲ್ಲಿ ಇಂಗ್ಲಿಷ್ ಸಾಹಿತ್ಯ, ಮುಂದೆ ಎಮೊರಿಯಲ್ಲಿ ಕಾನೂನು. ವಕೀಲಿಕೆಯ ಪರೀಕ್ಷೆಯನ್ನು ಓದು ಮುಗಿಯುವ ಮುನ್ನವೇ ಪಾಸು ಮಾಡಿಕೊಂಡರು. ಗಾಲ್ಫ್ ಅವರಿಗೆ ಕೊನೆಯವರೆಗೂ ಹವ್ಯಾಸವೇ. ವರ್ಷದ ಹಲವು ತಿಂಗಳು ಕ್ಲಬ್ ಮುಟ್ಟದೆ ಇರುತ್ತಿದ್ದ ಈ ಮನುಷ್ಯ, ಅದನ್ನೇ ವೃತ್ತಿಯಾಗಿಸಿಕೊಂಡವರನ್ನು ಸೋಲಿಸುತ್ತಿದ್ದರು.

ದಾರ ಸುತ್ತಿದ ಕೋಲು

ಇಪ್ಪತ್ತರ ದಶಕದ ಆರಂಭದಲ್ಲಿ ಸ್ಟೀವರ್ಟ್ ಅವರ ಸೋದರ ಜಿಮ್ಮಿ ಮೇಡನ್, ನ್ಯೂಯಾರ್ಕ್‌ನ ಲಾಂಗ್ ಐಲೆಂಡ್‌ನಲ್ಲಿರುವ ನಸ್ಸೌ ಕ್ಲಬ್‌ನಲ್ಲಿ ಶಿಕ್ಷಕರಾಗಿದ್ದರು. ಪಟಿಂಗ್ ಕೈಕೊಟ್ಟು ಕಂಗಾಲಾಗಿದ್ದ ಜೋನ್ಸ್‌ಗೆ ಅವರು ತಮ್ಮಲ್ಲಿದ್ದ ಹಳೆಯದೊಂದು ಪಟರನ್ನು ಕೊಟ್ಟರು. ತುಕ್ಕು ಬಣ್ಣದ ಕಬ್ಬಿಣದ ತಲೆ, ಹಿಕರಿ ಮರದ ಕೋಲು. ಕೋಲಿಗೆ ಮೂರು ಕಡೆ ದಾರದ ಸುತ್ತು. ತಲೆಯ ಮುಖಕ್ಕೆ ಸುಮಾರು ಎಂಟು ಡಿಗ್ರಿ ಓಟ. ಇಂದಿನ ಪಟರ್‌ಗಳಲ್ಲಿ ಇದರ ಅರ್ಧದಷ್ಟೂ ಕಷ್ಟ. ಅಮೆರಿಕದ ಪಶ್ಚಿಮ ಗಡಿಯ ದಂತಕಥೆಯಾದ ಗಟ್ಟಿಗಿತ್ತಿಯೊಬ್ಬಳ ಹೆಸರನ್ನೇ ಇದಕ್ಕೂ ಇಡಲಾಯಿತು: ಕಲ್ಯಾಮಿಟಿ ಜೇನ್.

1923ರಲ್ಲಿ ಇನ್‌ವುಡ್‌ನಲ್ಲಿ ನಡೆದ ಅಮೆರಿಕ ಓಪನ್‌ನಲ್ಲಿ ಜೋನ್ಸ್ ಕೊನೆಗೂ ಗೆದ್ದರು. ಬಾಬಿ ಕ್ರುಕ್‌ಶ್ಯಾಂಕ್ ವಿರುದ್ಧದ ಪ್ಲೇಆಫ್‌ನ ಕೊನೆಯ ಕುಳಿಯಲ್ಲಿ 190 ಗಜದಷ್ಟು ದೂರದಿಂದ ನೀರಿನ ಮೇಲೆ ಹಾರಿಸಿದ ಚೆಂಡು ಕುಳಿಯಿಂದ ಕೆಲವೇ ಅಡಿಗಳಲ್ಲಿ ನಿಂತಿತು. ಗೆಲುವು ತಂದದ್ದು ಆ ಕಬ್ಬಿಣದ ಹೊಡೆತವೇ ಹೊರತು ಪಟರ್ ಅಲ್ಲ. ಕಲ್ಯಾಮಿಟಿ ಜೇನ್ ಕೈಗೆ ಬಂದಿದ್ದರೂ ಅದನ್ನು ಹಿಡಿಯುವ ಬಗೆ ಇನ್ನೂ ಬಂದಿರಲಿಲ್ಲ ಎಂದರೆ ತಪ್ಪಾಗಲಾರದು.

ಮುದುಕನ ಪಾಠ

ಅದನ್ನು ಕಲಿಸಿದವರು ವಾಲ್ಟರ್ ಟ್ರಾವಿಸ್. ಜೋನ್ಸ್ ಕೀರ್ತಿಯ ಬೆಳಕಿನಲ್ಲಿ ಮಸುಕಾದ ಈ ವ್ಯಕ್ತಿಯ ಬಗ್ಗೆ ಇಲ್ಲಿ ನಾಲ್ಕು ಮಾತು ಹೇಳಲೇಬೇಕು. 1862ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಹುಟ್ಟಿ ವ್ಯಾಪಾರದ ಕೆಲಸದ ಮೇಲೆ ಅಮೆರಿಕಕ್ಕೆ ಬಂದ ಟ್ರಾವಿಸ್ ಮೊದಲ ಬಾರಿ ಗಾಲ್ಫ್ ಕ್ಲಬ್ ಹಿಡಿದದ್ದು ತಮ್ಮ 34ನೇ ವಯಸ್ಸಿನಲ್ಲಿ. ಇಂದಿನ ಆಟಗಾರರು ನಿವೃತ್ತಿಯ ಬಗ್ಗೆ ಯೋಚಿಸುವ ವಯಸ್ಸದು. ನಾಲ್ಕೇ ವರ್ಷಗಳಲ್ಲಿ, 1900ರಲ್ಲಿ, ಅಮೆರಿಕ ಅಮೆಚೂರ್ ಚಾಂಪಿಯನ್ ಆದರು. 1901 ಮತ್ತು 1903ರಲ್ಲಿ ಮತ್ತೆ ಗೆದ್ದರು. ದೂರಕ್ಕೆ ಹೊಡೆಯುವ ಶಕ್ತಿ ಅವರಿಗಿರಲಿಲ್ಲ. ಪಟಿಂಗ್ ಒಂದೇ ಅವರ ಅಸ್ತ್ರ.

1904ರಲ್ಲಿ ಇಂಗ್ಲೆಂಡ್‌ನ ಸ್ಯಾಂಡ್‌ವಿಚ್‌ಗೆ ಹೋಗಿ ಬ್ರಿಟಿಷ್ ಅಮೆಚೂರ್ ಪ್ರಶಸ್ತಿಯನ್ನೂ ಹೊತ್ತು ತಂದರು. ತಲೆಯ ಮಧ್ಯಭಾಗಕ್ಕೇ ಕೋಲು ಜೋಡಿಸಿದ್ದ ಸ್ಕೆನೆಕ್ಟಡಿ ಎಂಬ ಹೊಸ ಮಾದರಿಯ ಪಟರನ್ನು ಅವರು ಅಲ್ಲಿ ಬಳಸಿದ್ದರು. ಹೊರಗಿನವನೊಬ್ಬ ತಮ್ಮ ಕಪ್ ಕೊಂಡೊಯ್ದದ್ದು ಆತಿಥೇಯರಿಗೆ ರುಚಿಸಲಿಲ್ಲ. ಆರು ವರ್ಷಗಳ ನಂತರ ಬ್ರಿಟನ್‌ನ ಗಾಲ್ಫ್ ಆಡಳಿತ ಅಂತಹ ಪಟರ್‌ಗಳನ್ನು ನಿಷೇಧಿಸಿತು. ಆ ನಿಷೇಧ ಸುಮಾರು ನಾಲ್ಕು ದಶಕ ಜಾರಿಯಲ್ಲಿತ್ತು. ಪಟಿಂಗ್‌ನಲ್ಲಿ ಯಾರಾದರೂ ಹೊಸ ದಾರಿ ಕಂಡುಕೊಂಡರೆ ನಿಯಮ ಬರೆಯುವವರಿಗೆ ಇರುಸುಮುರುಸಾಗುವುದು ಇಂದಿಗೂ ತಪ್ಪಿಲ್ಲ. ಉದ್ದನೆಯ ಪಟರನ್ನು ದೇಹಕ್ಕೆ ಊರಿ ಹೊಡೆಯುವ ಪದ್ಧತಿಯನ್ನು 2016ರ ಆರಂಭದಿಂದ ನಿಷೇಧಿಸಿದ್ದು ಓದುಗರಿಗೆ ನೆನಪಿರಬಹುದು.

ಟ್ರಾವಿಸ್ ಕಪ್ಪು ಸಿಗಾರಿನ, ಬಿರುಸು ಮಾತಿನ ಮನುಷ್ಯ. 1916ರಲ್ಲಿ ಮೆರಿಯನ್‌ನಲ್ಲಿ ಬಾಲಕ ಜೋನ್ಸ್ ಆಟ ನೋಡಿ ಅವನ ಹೊಡೆತವನ್ನು ಮೆಚ್ಚಿದ್ದರು, ಪಟಿಂಗ್ ವಿಧಾನವನ್ನಲ್ಲ. ಪಾಠ ಹೇಳಿಕೊಡಲು ಒಪ್ಪಿಯೂ ಇದ್ದರಂತೆ. ಹುಡುಗ ಬರಬೇಕಿದ್ದ ರೈಲು ತಪ್ಪಿ ತಡವಾಯಿತು; ಹಿರಿಯರು ಕಾಯದೆ ಹೊರಟುಬಿಟ್ಟರು ಎಂಬುದು ಗಾಲ್ಫ್ ವಲಯದಲ್ಲಿ ಪ್ರಚಲಿತವಾಗಿರುವ ಕತೆ. ಆ ತಪ್ಪಿದ ಪಾಠ ಮತ್ತೆ ಕೂಡಿಬರಲು ಎಂಟು ವರ್ಷ ಹಿಡಿಯಿತು.

1924ರಲ್ಲಿ ಜಾರ್ಜಿಯಾದ ಅಗಸ್ಟಾದಲ್ಲಿ ಇಬ್ಬರೂ ಭೇಟಿಯಾದರು. ಟ್ರಾವಿಸ್‌ಗೆ ಆಗ 62 ವರ್ಷ, ಆರೋಗ್ಯ ಕ್ಷೀಣಿಸಿತ್ತು. ಜೋನ್ಸ್‌ಗೆ 22, ಆಗಲೇ ಅಮೆರಿಕ ಓಪನ್ ಚಾಂಪಿಯನ್. ಓಪನ್ ಗೆದ್ದವನಿಗೆ ಪಟರ್ ಹಿಡಿಯುವುದನ್ನು ಹೇಳಿಕೊಡಲು ಮುದುಕನೂ ಸಂಕೋಚಪಡಲಿಲ್ಲ, ಕಲಿಯಲು ಯುವಕನೂ ಹಿಂಜರಿಯಲಿಲ್ಲ.

ಟ್ರಾವಿಸ್ ಮೊದಲು ತಿದ್ದಿದ್ದು ಕಾಲುಗಳನ್ನು. ಅಗಲವಾಗಿ ನಿಲ್ಲುತ್ತಿದ್ದ ಜೋನ್ಸ್‌ರ ಹಿಮ್ಮಡಿಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ ಬಂದವು. ಕಾಲು ಅಗಲಿಸಿ ನಿಂತರೆ ಸೊಂಟದ ಕೆಳಗಿನ ಭಾಗ ಬಿಗಿಯುತ್ತದೆ. ಆಗ ಹೊಡೆತವೆಲ್ಲ ತೋಳು ಮತ್ತು ಮಣಿಕಟ್ಟಿನ ತಲೆಗೆ ಬೀಳುತ್ತದೆ. ಕಾಲು ಕೂಡಿಸಿ, ಮಂಡಿ ಸ್ವಲ್ಪ ಸಡಿಲಿಸಿ ನಿಂತವನ ದೇಹ ಗಟ್ಟಿಯಾಗಿ ಸೆಟೆದುಕೊಳ್ಳಲಾರದು. ಬಾಗಿ ಮುದುಡಿಕೊಳ್ಳುವ ಅಗತ್ಯವೂ ಇರುವುದಿಲ್ಲ. ನೆಟ್ಟಗೆ, ನಿರಾಳವಾಗಿ ನಿಂತು ಚೆಂಡಿನಿಂದ ಕುಳಿಯವರೆಗಿನ ಗೆರೆಯನ್ನು ಸರಿಯಾಗಿ ಕಾಣಬಹುದು.

ಎರಡನೆಯದು ಹಿಡಿತ. ದೂರದ ಹೊಡೆತಕ್ಕೆ ಬಹುತೇಕ ಆಟಗಾರರು ಬಲಗೈಯ ಕಿರುಬೆರಳನ್ನು ಎಡಗೈಯ ತೋರುಬೆರಳಿನ ಮೇಲೆ ಹಾಯಿಸಿ ಹಿಡಿಯುತ್ತಾರೆ. ಹ್ಯಾರಿ ವಾರ್ಡನ್ ಜನಪ್ರಿಯಗೊಳಿಸಿದ ಕ್ರಮವಿದು. ಟ್ರಾವಿಸ್ ಇದನ್ನು ತಿರುಗಾಮುರುಗಾ ಮಾಡಿಸಿದರು. ಬಲಗೈಯ ಎಲ್ಲ ಬೆರಳುಗಳೂ ಕೋಲನ್ನು ಹಿಡಿದಿರಬೇಕು. ಎಡಗೈಯ ತೋರುಬೆರಳು ಬಲಗೈ ಬೆರಳುಗಳ ಮೇಲೆ ಹಗುರವಾಗಿ ಒರಗಬೇಕು. ನೋಡಲು ಒಂದೇ ಬೆರಳಿನ ವ್ಯತ್ಯಾಸ. ಪರಿಣಾಮ ಮಾತ್ರ ದೊಡ್ಡದು. ಚೆಂಡಿನ ವೇಗವನ್ನು ಅಳೆಯುವ ಸೂಕ್ಷ್ಮ ಬಲಗೈ ಬೆರಳುಗಳಿಗೆ ಪೂರ್ತಿ ದಕ್ಕುತ್ತದೆ. ಎಡಗೈ ದಾರಿ ತೋರಿಸುತ್ತದೆ. ಎರಡೂ ಕೈಗಳು ಕೋಲಿನ ಎರಡು ಪಕ್ಕದಿಂದ ಪರಸ್ಪರ ತೂಗಿಕೊಂಡಿರುವುದರಿಂದ ಹೊಡೆಯುವ ಕ್ಷಣದಲ್ಲಿ ಪಟರ್ ಮುಖ ಅತ್ತಿತ್ತ ಹೊರಳುವುದು ಕಡಿಮೆಯಾಗುತ್ತದೆ. ಚೆಂಡು ಯಾವ ದಿಕ್ಕಿಗೆ ಹೊರಡುತ್ತದೆ ಎಂಬುದನ್ನು ನಿರ್ಧರಿಸುವುದು ಬಹುಪಾಲು ಪಟರ್ ಮುಖದ ಕೋನವೇ, ಪಟರ್ ಸಾಗಿದ ದಾರಿ ಅಷ್ಟಲ್ಲ ಎಂದು ಇಂದಿನ ಅಳತೆಯ ಯಂತ್ರಗಳು ತೋರಿಸಿಕೊಟ್ಟಿವೆ. ಯಂತ್ರವಿಲ್ಲದ ಕಾಲದಲ್ಲಿ ಆ ಮುದುಕ ಅದನ್ನು ಬೆರಳ ತುದಿಯಲ್ಲಿ ಅರಿತಿದ್ದರು ಎಂಬುದು ಗಮನಾರ್ಹ.

ಮೂರನೆಯದು ಹೊಡೆತದ ಬಗೆ. ಪಟರನ್ನು ಹಿಂದಕ್ಕೆ ಒಯ್ಯುವ ಕೆಲಸವನ್ನು ಎಡಗೈ ಆರಂಭಿಸಬೇಕು, ಅದು ಮೊದಲಿಗಿಂತ ಉದ್ದವಾಗಿರಬೇಕು. ಚೆಂಡಿನ ಬೆನ್ನಿಗೆ ಪುಟ್ಟ ಮೊಳೆಯೊಂದು ಚುಚ್ಚಿಕೊಂಡಿದೆ ಎಂದು ಭಾವಿಸಿ, ಅದನ್ನು ನೇರವಾಗಿ ಒಳಕ್ಕೆ ಹೊಡೆಯುವಂತೆ ಹೊಡೆಯಬೇಕು. ಹಿಂದಕ್ಕೆ ಗಿಡ್ಡವಾಗಿ ಎಳೆದವನು ಮುಂದಕ್ಕೆ ಬರುವಾಗ ಅವಸರಪಟ್ಟು ಕುಟ್ಟಲೇಬೇಕಾಗುತ್ತದೆ, ಅಲ್ಲಿಗೆ ದಿಕ್ಕು ತಪ್ಪುತ್ತದೆ. ಉದ್ದವಾಗಿ ಎಳೆದವನಿಗೆ ಅವಸರವಿಲ್ಲ.

ಒಂದೇ ಭೇಟಿಯಲ್ಲಿ ಎಲ್ಲವೂ ಸರಿಹೋಗಲಿಲ್ಲ. ಜೋನ್ಸ್ ಈ ಪಾಠವನ್ನು ತಿಂಗಳುಗಟ್ಟಲೆ ರೂಢಿಸಿಕೊಂಡರು, ತಮ್ಮ ಮೈಗೆ ಒಗ್ಗುವಂತೆ ಅಲ್ಪಸ್ವಲ್ಪ ಬದಲಿಸಿಕೊಂಡರು. ಎಡ ಮೊಣಕೈಯನ್ನು ಮಡಿಸಿ ಕುಳಿಯ ದಿಕ್ಕಿಗೆ ತಿರುಗಿಸಿಟ್ಟರೆ ಎಡ ಮಣಿಕಟ್ಟು ಕುಸಿಯದು ಎಂಬುದನ್ನು ಕಂಡುಕೊಂಡರು. ಚೆಂಡನ್ನು ಎಡಪಾದದ ಬೆರಳುಗಳ ನೇರಕ್ಕೆ ಇಟ್ಟುಕೊಳ್ಳತೊಡಗಿದರು. ವೇಗದ ವಿಷಯದಲ್ಲಿ ಮಾತ್ರ ಬಾಲ್ಯದ ಗುರು ಸ್ಟೀವರ್ಟ್ ಮೇಡನ್ ಅವರ ಮಾರ್ಗವನ್ನೇ ಹಿಡಿದರು: ಚೆಂಡು ಕುಳಿಯ ಬಳಿ ಬರುವಾಗ ಅದರ ಉಸಿರು ಮುಗಿಯುವಂತಿರಬೇಕು. ಜೋರಾಗಿ ಬಂದ ಚೆಂಡು ಕುಳಿಯ ಮಧ್ಯಕ್ಕೇ ಬಂದರೆ ಮಾತ್ರ ಬೀಳುತ್ತದೆ. ಅಂಚು ತಾಗಿದರೆ ಹೊರಳಿ ಹೋಗುತ್ತದೆ. ನಿಧಾನವಾಗಿ ಬಂದ ಚೆಂಡಿಗೆ ಮುಂಬಾಗಿಲು, ಪಕ್ಕದ ಬಾಗಿಲು, ಹಿತ್ತಿಲ ಬಾಗಿಲು ಎಲ್ಲವೂ ತೆರೆದಿರುತ್ತವೆ. ವಿಂಗ್ಡ್ ಫುಟ್‌ನ ಆ ಪಟ್ ಬಿದ್ದದ್ದು ಈ ಲೆಕ್ಕದಲ್ಲೇ.

ಅದೇ 1924ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಅಮೆಚೂರ್ ಮತ್ತೆ ಮೆರಿಯನ್‌ಗೆ ಬಂತು. ಎಂಟು ವರ್ಷ ಈ ಪ್ರಶಸ್ತಿಗಾಗಿ ಹೆಣಗಿದ್ದ ಜೋನ್ಸ್, ಫೈನಲ್‌ನಲ್ಲಿ ಜಾರ್ಜ್ ವಾನ್ ಎಲ್ಮ್ ಅವರನ್ನು ಎಂಟು ಕುಳಿ ಬಾಕಿ ಇರುವಂತೆಯೇ ಒಂಬತ್ತು ಕುಳಿಗಳ ಮುನ್ನಡೆಯಿಂದ ಮಣಿಸಿದರು. ಟ್ರಾವಿಸ್ 1927ರ ಜುಲೈ 31ರಂದು ತೀರಿಕೊಂಡರು.

ಸುಗ್ಗಿಯ ವರ್ಷಗಳು

1923ರಿಂದ 1930ರವರೆಗೆ ಜೋನ್ಸ್ ಗೆದ್ದ ಪ್ರಮುಖ ಪ್ರಶಸ್ತಿಗಳು 13: ಅಮೆರಿಕ ಓಪನ್ ನಾಲ್ಕು, ಬ್ರಿಟಿಷ್ ಓಪನ್ ಮೂರು, ಅಮೆರಿಕ ಅಮೆಚೂರ್ ಐದು, ಬ್ರಿಟಿಷ್ ಅಮೆಚೂರ್ ಒಂದು. 1926ರಲ್ಲಿ ಒಂದೇ ವರ್ಷ ಎರಡೂ ದೇಶಗಳ ಓಪನ್ ಗೆದ್ದ ಮೊದಲಿಗರಾದರು. ಕಲ್ಯಾಮಿಟಿ ಜೇನ್‌ನ ಮುಖ ಉಜ್ಜಿ ಉಜ್ಜಿ ಸವೆದಾಗ ಅದರ ಪ್ರತಿರೂಪವನ್ನು ಮಾಡಿಸಿಕೊಂಡರು. ಕೊನೆಯ ಹತ್ತು ಪ್ರಶಸ್ತಿಗಳು ಈ ಎರಡನೇ ಜೇನ್‌ನಿಂದ ಬಂದವು.

ಗೆದ್ದದ್ದಕ್ಕಿಂತ ಸೋತದ್ದೊಂದು ಅವರ ಹೆಸರನ್ನು ಹೆಚ್ಚು ಎತ್ತಿ ಹಿಡಿಯಿತು. 1925ರಲ್ಲಿ ವೂಸ್ಟರ್‌ನ ಅಮೆರಿಕ ಓಪನ್‌ನಲ್ಲಿ, ಉದ್ದ ಹುಲ್ಲಿನಲ್ಲಿ ಹೊಡೆಯಲು ಅಣಿಯಾಗುವಾಗ ತಮ್ಮ ಚೆಂಡು ಅಲುಗಿತೆಂದು ಜೋನ್ಸ್ ತಾವೇ ಹೇಳಿ ಒಂದು ಹೊಡೆತದ ದಂಡ ವಿಧಿಸಿಕೊಂಡರು. ಬೇರೆ ಯಾರೂ ಅದನ್ನು ಕಂಡಿರಲಿಲ್ಲ. ಅಧಿಕಾರಿಗಳು ನಿರ್ಧಾರವನ್ನು ಅವರಿಗೇ ಬಿಟ್ಟಿದ್ದರು. ಆ ಒಂದು ಹೊಡೆತ ಸೇರದಿದ್ದರೆ ಅವರು ಗೆದ್ದಿರುತ್ತಿದ್ದರು. ಸ್ಕೋರು ಸಮವಾಗಿ, ಪ್ಲೇಆಫ್‌ನಲ್ಲಿ ವಿಲ್ಲಿ ಮ್ಯಾಕ್‌ಫಾರ್ಲೇನ್ ಎದುರು ಒಂದೇ ಹೊಡೆತದಿಂದ ಸೋತರು. ಹೊಗಳಿದವರ ಮೇಲೆ ಜೋನ್ಸ್‌ಗೆ ಬೇಸರವೇ ಆಗಿತ್ತಂತೆ. ಕಳ್ಳತನ ಮಾಡದಿರುವುದು ಹೊಗಳಿಕೆಯ ವಿಷಯವಲ್ಲ ಎಂಬುದು ಅವರ ಧೋರಣೆ. ಕ್ಲಬ್ ಎಸೆಯುತ್ತಿದ್ದ ಹುಡುಗ ನಾಲ್ಕೇ ವರ್ಷಗಳಲ್ಲಿ ಇಷ್ಟು ದೂರ ನಡೆದು ಬಂದಿದ್ದ.

1930 ಅವರ ಪರ್ವಕಾಲ. ಮೇ ತಿಂಗಳಲ್ಲಿ ಸೇಂಟ್ ಆಂಡ್ರೂಸ್‌ನಲ್ಲಿ ಬ್ರಿಟಿಷ್ ಅಮೆಚೂರ್, ಜೂನ್‌ನಲ್ಲಿ ಹೊಯ್ಲೇಕ್‌ನಲ್ಲಿ ಬ್ರಿಟಿಷ್ ಓಪನ್, ಜುಲೈನಲ್ಲಿ ಮಿನಿಯಾಪೊಲಿಸ್ ಬಳಿಯ ಇಂಟರ್‌ಲಾಕನ್‌ನಲ್ಲಿ ಅಮೆರಿಕ ಓಪನ್ ಒಂದರ ಹಿಂದೊಂದು ಬಂದವು. ಇಂಟರ್‌ಲಾಕನ್‌ನ ಕೊನೆಯ ಕುಳಿಯಲ್ಲಿ ಹೆಚ್ಚುಕಡಿಮೆ 40 ಅಡಿ ದೂರದಿಂದ ಉರುಳಿಸಿದ ಚೆಂಡು ಕುಳಿಗೆ ಬಿತ್ತು. ಸೆಪ್ಟೆಂಬರ್ 27ರಂದು ಅದೇ ಮೆರಿಯನ್‌ನಲ್ಲಿ ಜೀನ್ ಹೋಮನ್ಸ್ ಅವರನ್ನು ಸೋಲಿಸಿ ಅಮೆರಿಕ ಅಮೆಚೂರ್ ಗೆಲ್ಲುವುದರೊಂದಿಗೆ ಒಂದೇ ವರ್ಷದಲ್ಲಿ ನಾಲ್ಕೂ ಪ್ರಶಸ್ತಿಗಳು ಒಬ್ಬನ ಕೈಸೇರಿದವು. ಆ ನಾಲ್ಕನ್ನು ಒಂದೇ ವರ್ಷ ಗೆದ್ದವರು ಮತ್ತೊಬ್ಬರಿಲ್ಲ.

ಹೊರಗೆ ಶಾಂತವಾಗಿ ಕಾಣುತ್ತಿದ್ದ ಈ ಮನುಷ್ಯ ಒಳಗೆ ಬೇಯುತ್ತಿದ್ದರು. ಚಾಂಪಿಯನ್‌ಷಿಪ್ ವಾರದಲ್ಲಿ ಊಟ ಸೇರುತ್ತಿರಲಿಲ್ಲ. ಹತ್ತಾರು ಪೌಂಡ್ ತೂಕ ಇಳಿದುಹೋಗುತ್ತಿತ್ತು. 1930ರ ನವೆಂಬರ್ 17ರಂದು, 28ನೇ ವಯಸ್ಸಿನಲ್ಲಿ, ಸ್ಪರ್ಧಾತ್ಮಕ ಗಾಲ್ಫ್‌ಗೆ ವಿದಾಯ ಹೇಳಿದರು. ಅಲ್ಲಿಯವರೆಗೆ ಆಟದಿಂದ ಬಹುಮಾನದ ಹಣ ಮುಟ್ಟಿದವರಲ್ಲ. ಮನೆ ಕೊಳ್ಳಲೆಂದು ಅಟ್ಲಾಂಟಾದ ಅಭಿಮಾನಿಗಳು ಕೂಡಿಸಿಕೊಟ್ಟ 50,000 ಡಾಲರ್‌ಗಳನ್ನು ಹವ್ಯಾಸಿ ನಿಯಮಕ್ಕೆ ಧಕ್ಕೆಯಾಗಬಾರದೆಂದು ಹಿಂದಿರುಗಿಸಿದ್ದರು.

ನಿವೃತ್ತಿಯ ನಂತರ ವಾರ್ನರ್ ಬ್ರದರ್ಸ್ ಅವರಿಂದ ಗಾಲ್ಫ್ ಕಲಿಸುವ ಕಿರುಚಿತ್ರಗಳನ್ನು ತಯಾರಿಸಿತು. 1931ರ ಆ ಹನ್ನೆರಡು ಚಿತ್ರಗಳ ಸರಣಿಯ ಮೊದಲ ಕಂತಿನ ವಿಷಯ ದೂರದ ಹೊಡೆತವಲ್ಲ, ಪಟರ್. ಇಂದಿಗೂ ಆ ಚಿತ್ರಗಳಲ್ಲಿ ಜೋನ್ಸ್ ನಿಂತ ರೀತಿ ಕಾಣಸಿಗುತ್ತದೆ: ಕೂಡಿಸಿದ ಹಿಮ್ಮಡಿ, ಸಡಿಲ ಮಂಡಿ, ಕುಳಿಯತ್ತ ತಿರುಗಿದ ಎಡ ಮೊಣಕೈ. ಅವರ ಮಣಿಕಟ್ಟು ಇಂದಿನವರಿಗಿಂತ ಹೆಚ್ಚು ಆಡುತ್ತದೆ. ಆಗಿನ ಗ್ರೀನ್‌ಗಳ ಹುಲ್ಲು ಉದ್ದ, ಚೆಂಡು ನಿಧಾನ. ಹುಲ್ಲಿನಿಂದ ಚೆಂಡನ್ನು ಎಬ್ಬಿಸಲು ಪಟರ್‌ಗೆ ಅಷ್ಟು ಓಟವೂ ಮಣಿಕಟ್ಟಿನ ಚಿಮ್ಮುವಿಕೆಯೂ ಬೇಕಿತ್ತು. ಹುಲ್ಲನ್ನು ಕತ್ತರಿಸಿ ಕನ್ನಡಿಯಂತಾಗಿಸಿದ ಈಗಿನ ಗ್ರೀನ್‌ಗಳಲ್ಲಿ ಆಟಗಾರರು ಭುಜದಿಂದ ಗಡಿಯಾರದ ಲೋಲಕದಂತೆ ತೂಗುತ್ತಾರೆ. ಹೊಡೆತ ಬದಲಾಯಿತು, ತಿರುಗುಮುರುಗಿನ ಆ ಬೆರಳ ಹಿಡಿತ ಮಾತ್ರ ವೃತ್ತಿಪರರಲ್ಲಿ ಇಂದಿಗೂ ವ್ಯಾಪಕವಾಗಿದೆ.

ಅಗಸ್ಟಾದ ಹಳೆಯ ಹೂಗಿಡಗಳ ನರ್ಸರಿಯೊಂದರ ಜಾಗದಲ್ಲಿ ಕ್ಲಿಫರ್ಡ್ ರಾಬರ್ಟ್ಸ್ ಜೊತೆಗೂಡಿ, ವಿನ್ಯಾಸಕ ಆಲಿಸ್ಟರ್ ಮೆಕೆಂಜಿ ನೆರವಿನಿಂದ ಜೋನ್ಸ್ ಕಟ್ಟಿದ ಮೈದಾನವೇ ಅಗಸ್ಟಾ ನ್ಯಾಷನಲ್. 1934ರಲ್ಲಿ ಅಲ್ಲಿ ಆರಂಭವಾದ ಆಹ್ವಾನಿತ ಟೂರ್ನಿ ಮುಂದೆ ಮಾಸ್ಟರ್ಸ್ ಎಂದು ಜಗದ್ವಿಖ್ಯಾತವಾಯಿತು. ಇದೇ ಸಂಸ್ಥೆಯ ಇನ್ನೊಂದು ಮುಖವನ್ನೂ ಮರೆಯುವಂತಿಲ್ಲ. ಮಾಸ್ಟರ್ಸ್‌ನಲ್ಲಿ ಮೊದಲ ಕಪ್ಪು ಆಟಗಾರ ಲೀ ಎಲ್ಡರ್ ಆಡಿದ್ದು 1975ರಲ್ಲಿ, ಜೋನ್ಸ್ ತೀರಿಕೊಂಡ ಮೇಲೆ. ಕ್ಲಬ್‌ಗೆ ಮೊದಲ ಕಪ್ಪು ಸದಸ್ಯ ಬಂದದ್ದು 1990ರಲ್ಲಿ. ತನ್ನದೇ ಚೆಂಡಿನ ಅಲುಗಾಟವನ್ನು ಸಹಿಸದ ಪ್ರಾಮಾಣಿಕತೆ ಈ ಅನ್ಯಾಯವನ್ನು ಕಾಣಲಿಲ್ಲವೇಕೆ ಎಂಬ ಪ್ರಶ್ನೆ ಅವರ ಜೀವನಚರಿತ್ರೆ ಓದುವವರಿಗೆ ಎದುರಾಗದೆ ಇರದು.

ಎರಡನೇ ಮಹಾಯುದ್ಧದಲ್ಲಿ ನಲವತ್ತು ದಾಟಿದ್ದ ಜೋನ್ಸ್ ಸೇನೆ ಸೇರಿದರು. ವಾಯುಪಡೆಯ ಗುಪ್ತಚರ ವಿಭಾಗದಲ್ಲಿದ್ದು 1944ರ ಜೂನ್‌ನಲ್ಲಿ ನಾರ್ಮಂಡಿಯ ಕಡಲತೀರದಲ್ಲಿ ಇಳಿದರು.

ಕೈ ಸೋತಾಗ

1948ರಲ್ಲಿ ಕತ್ತು ಮತ್ತು ತೋಳುಗಳ ನೋವು ವಿಪರೀತವಾಯಿತು. ಆ ವರ್ಷ ಆಡಿದ್ದೇ ಕೊನೆಯ ಸುತ್ತು. ಎರಡು ಬಾರಿ ಶಸ್ತ್ರಚಿಕಿತ್ಸೆ ನಡೆದರೂ ಫಲ ಸಿಗಲಿಲ್ಲ. ಕೊನೆಗೆ ಪತ್ತೆಯಾದದ್ದು ಸಿರಿಂಗೋಮೈಲಿಯಾ ಎಂಬ ಅಪರೂಪದ ಕಾಯಿಲೆ. ಬೆನ್ನುಹುರಿಯೊಳಗೆ ದ್ರವ ತುಂಬಿದ ಪೊಳ್ಳು ಬೆಳೆದು ನರಗಳನ್ನು ಹಿಸುಕುತ್ತದೆ. ಮೊದಲು ಸ್ಪರ್ಶಜ್ಞಾನ, ಬಳಿಕ ಸ್ನಾಯುಗಳ ಬಲ ಹೋಗುತ್ತದೆ. ಊರುಗೋಲು, ಕಾಲಿಗೆ ಕಟ್ಟುವ ಪಟ್ಟಿ, ಆಮೇಲೆ ಗಾಲಿಕುರ್ಚಿ. ಪಟರ್‌ನ ಚರ್ಮದ ಹಿಡಿಯ ಮೇಲೆ ಗ್ರೀನ್‌ನ ವೇಗವನ್ನು ಓದುತ್ತಿದ್ದ ಬೆರಳುಗಳು ಮುರುಟಿದವು. ಲೇಖನಿ ಹಿಡಿದು ಸಹಿ ಹಾಕುವುದೂ ಪ್ರಯಾಸವಾಯಿತು. ಆದರೂ 1960 ಮತ್ತು 1966ರಲ್ಲಿ ಗಾಲ್ಫ್ ಕುರಿತ ಎರಡು ಪುಸ್ತಕಗಳನ್ನು ಹೊರತಂದರು. ಅದರಲ್ಲಿ ಪಟಿಂಗ್ ಪಾಠವೂ ಉಂಟು. ಕಾಯಿಲೆಯ ಬಗ್ಗೆ ಗೊಣಗುವುದು ಅವರ ಜಾಯಮಾನವಾಗಿರಲಿಲ್ಲ.

1958ರ ಅಕ್ಟೋಬರ್‌ನಲ್ಲಿ ಮೊದಲ ವಿಶ್ವ ಅಮೆಚೂರ್ ತಂಡ ಚಾಂಪಿಯನ್‌ಷಿಪ್‌ಗೆ ಅಮೆರಿಕ ತಂಡದ ನಾಯಕರಾಗಿ ಜೋನ್ಸ್ ಸೇಂಟ್ ಆಂಡ್ರೂಸ್‌ಗೆ ಬಂದರು. 37 ವರ್ಷಗಳ ಹಿಂದೆ ಚೆಂಡು ಎತ್ತಿಕೊಂಡು ಅವರು ಹೊರನಡೆದಿದ್ದ ಊರು ಅದು. 1927ರಲ್ಲಿ ಅಲ್ಲಿಯೇ ಓಪನ್ ಗೆದ್ದಾಗ ಕಪ್ಪನ್ನು ಅಲ್ಲಿನ ಕ್ಲಬ್‌ನಲ್ಲೇ ಬಿಟ್ಟು ಹೋಗಿ ಜನರ ಮನಸ್ಸನ್ನೂ ಗೆದ್ದಿದ್ದರು. ಊರಿನ ಆಡಳಿತ ಅವರಿಗೆ ಗೌರವ ಪೌರತ್ವ ನೀಡಿತು. ಅವರಿಗಿಂತ ಮೊದಲು ಆ ಗೌರವ ಪಡೆದ ಅಮೆರಿಕನ್ ಎಂದರೆ 1759ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್. ಊರುಗೋಲಿನ ಆಸರೆಯಲ್ಲಿ ನಿಂತು ಬರೆದು ತಂದ ಹಾಳೆಯನ್ನು ಬದಿಗಿಟ್ಟು ಜೋನ್ಸ್ ಮಾತನಾಡಿದರು. ಸಭಾಂಗಣದಿಂದ ಹೊರಡುವಾಗ ಜನ ಎದ್ದು ನಿಂತು ಹಳೆಯ ಸ್ಕಾಟಿಷ್ ಬೀಳ್ಕೊಡುಗೆ ಹಾಡೊಂದನ್ನು ಹಾಡಿದರು. ಮತ್ತೆ ಅವರು ಆ ಊರಿಗೆ ಬರಲಾಗಲಿಲ್ಲ.

1971ರ ಡಿಸೆಂಬರ್ 18ರಂದು ಅಟ್ಲಾಂಟಾದಲ್ಲಿ ಬಾಬಿ ಜೋನ್ಸ್ ನಿಧನರಾದರು. ಸುದ್ದಿ ತಲುಪಿದಾಗ ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್‌ನಲ್ಲಿ ಆಡುತ್ತಿದ್ದವರು ಆಟ ನಿಲ್ಲಿಸಿದರು; ಕ್ಲಬ್‌ನ ಧ್ವಜವನ್ನು ಅರ್ಧಕ್ಕೆ ಇಳಿಸಲಾಯಿತು. ಆ ಮೈದಾನದ ಹತ್ತನೇ ಕುಳಿಗೆ ಈಗ ಅವರ ಹೆಸರಿದೆ. ಕೊನೆಯ ಹತ್ತು ಪ್ರಶಸ್ತಿಗಳನ್ನು ತಂದ ಎರಡನೇ ಕಲ್ಯಾಮಿಟಿ ಜೇನ್ ಅಮೆರಿಕ ಗಾಲ್ಫ್ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿದೆ, ಮೊದಲನೆಯದು ಅಗಸ್ಟಾದಲ್ಲಿ.